ಖಂಡೆ ಪೂಜೆಗೆ ಆರಿಸಿದ ಸ್ವಿಚ್ಚು

ಕೆಲಸ ಬಾರದವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಬಾರದಿದ್ದರೆ ಕಲಿಯಬಹುದು, ಇಲ್ಲವೇ ಬರುವವರನ್ನು ಕೇಳಬಹುದು. ಕೆಲಸ ಬಂದೂ ಅರ್ಧಕ್ಕೆ ಬಿಟ್ಟು, ಪೂರ್ತಿ ಮಾಡಿದವರ ಹಾಗೆ ಕೈ ಒರೆಸಿಕೊಂಡು ಹೋಗುವವರನ್ನು ಕಂಡರೆ ಮಾತ್ರ ಈಗಲೂ ಮೈ ಉರಿಯುತ್ತದೆ. ಹುಬ್ಬಳ್ಳಿಯಿಂದ ನಮ್ಮ ಕಾರ್ಖಾನೆಗೆ ಬಂದಿದ್ದ ಎಂಜಿನಿಯರ್ ಆ ಜಾತಿಯವನು. ಅವನು ಬಿಟ್ಟುಹೋದದ್ದು ಒಂದೇ ಒಂದು ಆಜ್ಞೆ. ಅದನ್ನು ಟೈಪು ಮಾಡಲು ಎರಡು ಸೆಕೆಂಡು ಸಾಕಿತ್ತು. ಆ ಎರಡು ಸೆಕೆಂಡು ಅವನ ಬಳಿ ಇರಲಿಲ್ಲ, ಚಹಾ ಕುಡಿಯಲು ಅರ್ಧ ತಾಸು ಇತ್ತು.

ನಾನು ರಬಕವಿಯವಳು. ಮನೆಯಲ್ಲಿ ಎಲ್ಲರೂ ಮಗ್ಗದವರು. ಜಮಖಂಡಿಯಲ್ಲಿ ಡಿಪ್ಲೊಮಾ ಮುಗಿಸಿ, ಮುಧೋಳ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿ ಸೇರಿಕೊಂಡಿದ್ದೆ. ಸೇರಿಕೊಂಡಿದ್ದೆ ಎನ್ನುವುದೂ ಅರ್ಧ ಸತ್ಯವೇ. ನಮ್ಮಂಥವರಿಗೆ ಸೀಜನ್ ನೌಕರರು ಎಂದು ಹೆಸರು. ಕಬ್ಬು ನುರಿಸುವಷ್ಟು ದಿನ ಕೆಲಸ, ಗಾಣ ನಿಂತಿತು ಎಂದರೆ ಗೇಟ್ ಪಾಸ್ ವಾಪಸ್ ಕೊಟ್ಟು ಮನೆಗೆ. ಮುಂದಿನ ವರ್ಷ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾಯಂ ಆದವರು ಮಾತ್ರ ಪಾಸನ್ನು ವರ್ಷವಿಡೀ ಜೇಬಿನಲ್ಲಿ ಇಟ್ಟುಕೊಳ್ಳಬಹುದಿತ್ತು.

ಈ ಪಾಸಿನ ಮಾತು ಯಾಕೆ ಹೇಳಿದೆನೆಂದರೆ, ನಮ್ಮ ವೈರಮನ್ ಕಾಕಾ ಹತ್ತೊಂಬತ್ತು ಸಲ ಅದನ್ನು ವಾಪಸ್ ಕೊಟ್ಟಿದ್ದರು. ಬೀಳಗಿ ಕಡೆಯವರು. ಅವರ ಊರು ಆಣೆಕಟ್ಟಿನ ಹಿನ್ನೀರಿಗೆ ಹೋಗಿತ್ತು, ಹೊಲವೂ ಅದರ ಜೊತೆಗೇ. ಹೊಸ ಊರೆಂದು ಕೊಟ್ಟ ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿಕೊಂಡಿದ್ದರು. ಕಾರ್ಖಾನೆ ನಿಂತಾಗ ರಬಕವಿ, ಬನಹಟ್ಟಿಯ ಪವರಲೂಮ್ ಷೆಡ್ಡುಗಳಿಗೆ ವೈರು ಎಳೆಯಲು ಬರುತ್ತಿದ್ದರು. ನಮ್ಮ ಓಣಿಯಲ್ಲೂ ಅವರ ಕೈಯಿಂದ ಕೂಡಿಸಿಕೊಂಡ ಮೀಟರುಗಳಿದ್ದವು. ಆ ವರ್ಷ ಕಾಯಂ ಮಾಡುವವರ ಪಟ್ಟಿ ತಯಾರಾಗುತ್ತಿತ್ತು. ಅದರಲ್ಲಿ ಕಾಕಾನ ಹೆಸರು ಇದೆ ಎಂದು ಆಫೀಸಿನ ಗೋಡೆಗೆ ಕೂಡ ಗೊತ್ತಿತ್ತು. ದೀಪಾವಳಿಯೊಳಗೆ ಆದೇಶ ಬರಬೇಕಿತ್ತು. ಕಾಕಾ ಅದರ ಬಗ್ಗೆ ಮಾತನಾಡುತ್ತಿರಲಿಲ್ಲ. ಆದರೆ ಪಾಸ್ ಇಡಲು ಒಂದು ಪ್ಲಾಸ್ಟಿಕ್ ಚೀಲ ಕೊಂಡಿದ್ದನ್ನು ನನಗೊಬ್ಬಳಿಗೆ ತೋರಿಸಿದ್ದರು.

ಹಿಂದಿನ ಸೀಜನ್ನಿನಲ್ಲಿ ನಮ್ಮ ಕಂಪ್ಯೂಟರುಗಳಿಗೆ ವೈರಸ್ ಹೊಕ್ಕಿತ್ತು. ಆಫೀಸಿನಲ್ಲಿ ಯಾರೋ ಹಾಡು ಕೇಳಲು ಪೆನ್‌ಡ್ರೈವ್ ಹಾಕಿದರು. ಗೇಟಿನ ಕಂಪ್ಯೂಟರ್ ಹೋಯಿತು, ಕಬ್ಬು ತೂಗುವ ಕಾಟಾದ ಕಂಪ್ಯೂಟರ್ ಹೋಯಿತು, ಟ್ರ್ಯಾಕ್ಟರುಗಳ ಸಾಲು ಹೆದ್ದಾರಿಗೆ ಮುಟ್ಟಿತು. ಯಾಕೆಂದರೆ ಎಲ್ಲವೂ ಒಂದೇ ಬಲೆಯಲ್ಲಿದ್ದವು. ಇದನ್ನು ಬೇರೆ ಬೇರೆ ಮಾಡಬೇಕು ಎಂದು ಮ್ಯಾನೇಜರ್ ಸಾಹೇಬರು ಹೊಸ ಸೀಜನ್ನಿಗೆ ಮೊದಲೇ ಹುಬ್ಬಳ್ಳಿಯ ಎಂಜಿನಿಯರನನ್ನು ಕರೆಸಿದರು. ಅವನ ಕೈಗೆ ಆಳು ಬೇಕೆಂದು ನನ್ನನ್ನೂ ಕಾಕಾನನ್ನೂ ಮುಂಚೆಯೇ ಕರೆದರು. ಅವನು ದೊಡ್ಡದೊಂದು ಹೊಸ ಸ್ವಿಚ್ಚು ತಂದ. ಸ್ವಿಚ್ಚು ಎಂದರೆ ಗೋಡೆಯ ಮೇಲಿನ ಗುಂಡಿಯಲ್ಲ. ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ. ನಮ್ಮ ಕಾಕಾ ಅದಕ್ಕೆ ಪೆಟಗಿ ಎಂದೇ ಅನ್ನುತ್ತಿದ್ದರು.

ಒಂದೇ ಪೆಟ್ಟಿಗೆಯನ್ನು ಬರೀ ಆಜ್ಞೆಗಳಿಂದ ಮೂರು ಪಾಲು ಮಾಡಬಹುದು. ಗೇಟಿಗೊಂದು, ಕಾಟಾಕ್ಕೊಂದು, ಆಫೀಸಿಗೊಂದು. ಅಣ್ಣ ತಮ್ಮಂದಿರು ಒಂದೇ ಮನೆಯೊಳಗೆ ಗೋಡೆ ಎಬ್ಬಿಸಿದ ಹಾಗೆ. ಈ ಪಾಲುಗಳಿಗೆ ವಿ-ಲ್ಯಾನ್ ಎನ್ನುತ್ತಾರೆ. ಗೋಡೆ ಎದ್ದ ಮೇಲೆ ಒಂದು ಪಾಲಿನ ರೋಗ ಇನ್ನೊಂದಕ್ಕೆ ದಾಟುವುದಿಲ್ಲ, ಸರಿ. ಆದರೆ ಮಾತೂ ದಾಟುವುದಿಲ್ಲ. ಗೇಟಿನಲ್ಲಿ ರೈತನ ನಂಬರು ಹೊಡೆದರೆ ಕಾಟಾದಲ್ಲಿ ಅವನ ಹೆಸರು ಬರಬೇಕಲ್ಲ? ಅದಕ್ಕೆ ಗೋಡೆಯಲ್ಲಿ ಬಾಗಿಲು ಇಡಬೇಕು. ಪ್ರತಿ ಪಾಲಿಗೂ ಸ್ವಿಚ್ಚಿನ ಮೇಲೆ ಒಂದು ವಿಳಾಸ ಕೊಟ್ಟು, ಈ ಪಾಲಿನಿಂದ ಆ ಪಾಲಿಗೆ ಹೋಗುವ ದಾರಿ ತೆರೆಯಬೇಕು. ಅದೇ ರೌಟಿಂಗ್. ನಾನು ಇದನ್ನೆಲ್ಲ ಜಮಖಂಡಿಯಲ್ಲಿ ಝೆರಾಕ್ಸ್ ಮಾಡಿಸಿದ ಪುಸ್ತಕದಲ್ಲಿ ಓದಿದ್ದೆ, ಕಣ್ಣಿಂದ ನೋಡಿರಲಿಲ್ಲ. ನೋಡಬೇಕೆಂದು ಜೀವ ಹಾರುತ್ತಿತ್ತು.

ಎಂಜಿನಿಯರ್ ನನ್ನನ್ನು ಕುರ್ಚಿಯ ಹಿಂದೆಯೂ ನಿಲ್ಲಗೊಡಲಿಲ್ಲ.

"ಮೇಡಂ, ನೀವು ಟೈಪಿಂಗ್ ನೋಡ್ಕೊಳ್ರಿ. ಇದು ನಿಮಗ ತಿಳಿಯೂದಲ್ಲ" ಎಂದ.

ತಿಳಿಯುವುದಲ್ಲ ಎಂದವನು ಕಾಲಿನ ಕೆಲಸವನ್ನೆಲ್ಲ ನನಗೇ ಹಚ್ಚಿದ. ಹದಿನೇಳು ಕಂಪ್ಯೂಟರುಗಳಿದ್ದವು. ಒಂದೊಂದರ ಮುಂದೆಯೂ ಕುಳಿತು ಅದರ ಹೊಸ ವಿಳಾಸ, ಅದು ಹೊರಹೋಗಬೇಕಾದ ಬಾಗಿಲಿನ ವಿಳಾಸ, ಎರಡನ್ನೂ ನಾನೇ ಹಾಕಿದೆ. ಆಫೀಸಿನಿಂದ ಕಾಟಾಕ್ಕೆ, ಕಾಟಾದಿಂದ ಗೇಟಿಗೆ, ಬಿಸಿಲಿನಲ್ಲಿ ಎಷ್ಟು ಸಲ ನಡೆದೆನೋ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವನು ಎ.ಸಿ. ಕೋಣೆಯಲ್ಲಿ ಕುಳಿತು ಫೋನಿನಲ್ಲಿ ಯಾರಿಗೋ ಕಾರ್ಖಾನೆಯ ಊಟ ಸರಿಯಿಲ್ಲ ಎಂದು ಹೇಳುತ್ತಿದ್ದ.

ಎರಡನೆಯ ದಿನ ಮಧ್ಯಾಹ್ನ ಎಲ್ಲ ಕೂಡಿತು. ಗೇಟಿನಲ್ಲಿ ನಂಬರು ಹೊಡೆದರೆ ಕಾಟಾದಲ್ಲಿ ಹೆಸರು ಬಂತು. ಮ್ಯಾನೇಜರರು ಎಂಜಿನಿಯರನ ಬೆನ್ನು ತಟ್ಟಿದರು. ಅವನು ತನ್ನ ಲ್ಯಾಪ್‌ಟಾಪಿನ ತಂತಿ ಕಿತ್ತು ಸುತ್ತತೊಡಗಿದ. ನಾನು ಬಾಗಿಲಲ್ಲಿ ನಿಂತಿದ್ದೆ. ಸ್ವಿಚ್ಚು ತನ್ನ ಸೆಟ್ಟಿಂಗನ್ನು ಎರಡು ಕಡೆ ಇಡುತ್ತದೆ: ಈಗ ಓಡುತ್ತಿರುವುದು ಒಂದು, ಮತ್ತೆ ಹೊತ್ತಿಸಿದಾಗ ಓದಿಕೊಳ್ಳುವುದು ಇನ್ನೊಂದು. ಓಡುತ್ತಿರುವುದನ್ನು ಉಳಿಸು ಎಂದು ನಾವಾಗಿ ಹೇಳದಿದ್ದರೆ ಕರೆಂಟು ಹೋದ ಕ್ಷಣ ಎಲ್ಲ ಮಾಯ. ಅವನು ಉಳಿಸಿದ್ದನ್ನು ನಾನು ನೋಡಲಿಲ್ಲ.

"ಸರ್, ಸೇವ್ ಮಾಡಿದ್ರೇನ್ರಿ?" ಎಂದು ಕೇಳಿದೆ.

"ಓಡಾಕತ್ತೈತಲ್ಲ, ಮತ್ತೇನ್ ಬೇಕು?" ಎಂದ. ಆಮೇಲೆ ಮ್ಯಾನೇಜರರ ಕಡೆ ತಿರುಗಿ, "ನಿಮ್ಮ ಆಪರೇಟರ್ ಭಾಳ ಶಾಣ್ಯಾ ಅದಾರ್ರಿ" ಎಂದ. ಇಬ್ಬರೂ ನಕ್ಕರು. ಚಹಾ ಬಂತು. ಪಾಸ್‌ವರ್ಡ್ ಅವನೊಬ್ಬನ ಬಳಿಯೇ ಇತ್ತು, ಹಾಗಾಗಿ ನಾನು ಹೋಗಿ ಉಳಿಸುವ ಹಾಗೂ ಇರಲಿಲ್ಲ. ಪೆಟ್ಟಿಗೆಗೆ ಯು.ಪಿ.ಎಸ್. ಇದೆ, ಕರೆಂಟು ಹೋದರೂ ಆರುವುದಿಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಆದರೆ ನಮ್ಮ ಕಡೆ ವರ್ಷಕ್ಕೊಂದು ದಿನ ಯು.ಪಿ.ಎಸ್. ಕೂಡ ಆರುತ್ತದೆ. ಖಂಡೇನವಮಿ, ಆಯುಧಪೂಜೆಯ ದಿನ.

ಖಂಡೆ ಪೂಜೆ ಎಂದರೆ ನಮ್ಮ ಸೀಮೆಯಲ್ಲಿ ಆಟವಲ್ಲ. ಮನೆಯಲ್ಲಿ ಮಗ್ಗ ನಿಲ್ಲಿಸಿ, ಲಾಳಿಯನ್ನು ತೊಳೆದು ಇಡುತ್ತೇವೆ. ಓಡುತ್ತಿರುವ ಯಂತ್ರಕ್ಕೆ ಯಾರೂ ಕುಂಕುಮ ಹಚ್ಚುವುದಿಲ್ಲ. ಅದು ತಣ್ಣಗೆ ಕುಳಿತಿರಬೇಕು. ಪೂಜೆಯಾದ ಮೇಲೆ ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಮುಟ್ಟುವ ಹಾಗಿಲ್ಲ. ಕಾರ್ಖಾನೆಯಲ್ಲೂ ಅದೇ ಪದ್ಧತಿ. ಅಂದು ಬೆಳಿಗ್ಗೆ ಲೇತ್ ಮಶಿನ್ನು, ಪಂಪು, ಸಾಹೇಬರ ಜೀಪು, ಪಾನಾ, ಇಕ್ಕಳ ಎಲ್ಲದಕ್ಕೂ ಚೆಂಡುಹೂ ಬಿದ್ದಿತ್ತು. ಪೂಜೆಯ ತಾಟು ಹಿಡಿದು ಮ್ಯಾನೇಜರರು ಕಂಪ್ಯೂಟರ್ ಕೋಣೆಗೂ ಬಂದರು.

"ಎಲ್ಲಾ ಬಂದ್ ಆಗ್ಯಾವೇನು?" ಎಂದು ಕೇಳಿದರು.

"ಈ ಪೆಟಗಿ ಒಂದ ಚಾಲೂ ಐತ್ರಿ ಸಾಹೇಬ್ರ. ಬಂದ್ ಮಾಡಲೇನ್ರಿ?" ಎಂದರು ಕಾಕಾ.

"ಅದಕ್ಕೇನ್ ಬ್ಯಾರೆ ಮುಹೂರ್ತ ಬೇಕೇನು? ಬಂದ್ ಮಾಡು."

ನಾನು ಮುಂದೆ ಬಂದೆ. "ಸಾಹೇಬ್ರ, ಅದನ್ನ ಬಂದ್ ಮಾಡಿದ್ರ ಸೆಟ್ಟಿಂಗ್ ಹೋದ್ರೂ ಹೋಗಬಹುದ್ರಿ. ಎಂಜಿನಿಯರ್‌ಗೆ ಒಂದು ಫೋನ್ ಮಾಡಿ ಕೇಳೂಣ್ರಿ" ಎಂದೆ.

"ಹಬ್ಬದ ದಿನ ಅಪಶಕುನ ನುಡೀಬ್ಯಾಡವಾ" ಎಂದರು ಮ್ಯಾನೇಜರ್. ಹಿಂದೆ ನಿಂತವರು ನಕ್ಕರು. ಒಮ್ಮೆ ಹೇಳಿದೆ, ಎರಡನೆಯ ಸಲ ಹೇಳಲಿಲ್ಲ. ನಗುವವರ ಮುಂದೆ ಅದೇ ಮಾತನ್ನು ಮತ್ತೆ ಹೇಳುವಷ್ಟು ಗಟ್ಟಿ ನಾನು ಆಗ ಇರಲಿಲ್ಲ. ಕಾಕಾ ಗುಂಡಿ ಒತ್ತಿದರು. ಹಸಿರು ದೀಪಗಳು ಒಟ್ಟಿಗೇ ಆರಿದವು. ಮ್ಯಾನೇಜರರು ಮೂರು ಬೊಟ್ಟು ಕುಂಕುಮ ಹಚ್ಚಿ, ಹೂ ಇಟ್ಟು, ತೆಂಗಿನಕಾಯಿಯನ್ನು ಬಾಗಿಲ ಹೊರಗೆ ಒಡೆದರು.

ಮರುದಿನ ಬನ್ನಿಯಾದ ಮೇಲೆ ಕಾಕಾ ಪೆಟ್ಟಿಗೆಯನ್ನು ಮತ್ತೆ ಹೊತ್ತಿಸಿದರಂತೆ. ದೀಪ ಹತ್ತಿದವು, ಯಾರಿಗೂ ಏನೂ ಅನ್ನಿಸಲಿಲ್ಲ. ಗೇಟು ಮತ್ತು ಕಾಟಾಕ್ಕೆ ಇನ್ನೂ ಕೀಲಿ ಇತ್ತು. ನಾನು ಸೀಜನ್ನಿನವಳು, ಪೂಜೆಯ ದಿನವೇ, ಇನ್ನು ಮೊದಲ ಗಾಡಿ ತೂಗುವಾಗ ಬಾ ಎಂದು ಮನೆಗೆ ಕಳಿಸಿದ್ದರು.

ಮೊದಲ ಗಾಡಿಯ ದಿನ ಕಾರ್ಖಾನೆಗೆ ಮದುವೆಮನೆಯ ಕಳೆ. ಅಧ್ಯಕ್ಷರು, ನಿರ್ದೇಶಕರು, ಹಳ್ಳಿಹಳ್ಳಿಯ ಹಿರಿಯರು ಪೇಟಾ ಸುತ್ತಿಕೊಂಡು ಕಾಟಾದ ಸುತ್ತ ನಿಂತಿರುತ್ತಾರೆ. ಸಿಂಗರಿಸಿದ ಎತ್ತಿನ ಗಾಡಿ ಕಬ್ಬು ಹೇರಿಕೊಂಡು ಗೇಟಿನಿಂದ ಬಂದು ಕಾಟಾ ಹತ್ತುತ್ತದೆ. ಈ ವರ್ಷದಿಂದ ಕೈಬರಹದ ಚೀಟಿಯೇ ಇಲ್ಲ, ಎಲ್ಲಾ ಕಂಪ್ಯೂಟರಿನಲ್ಲೇ ಎಂದು ಮ್ಯಾನೇಜರರು ಮೈಕಿನಲ್ಲಿ ಹೇಳಿಯೂ ಬಿಟ್ಟಿದ್ದರು. ಹಳೆಯ ಚೀಟಿ ಪುಸ್ತಕಗಳನ್ನು ಗೋದಾಮಿಗೆ ಹಾಕಿಸಿದ್ದರು. ಗೇಟಿನವನು ನಂಬರು ಹೊಡೆದ. ಗಾಡಿ ಕಾಟಾ ಹತ್ತಿತು. ಕಾಟಾದ ಪರದೆಯ ಮೇಲೆ ಏನೂ ಬರಲಿಲ್ಲ. ಮತ್ತೆ ಹೊಡೆದರು, ಬರಲಿಲ್ಲ. ಎತ್ತುಗಳು ಕಾಟಾದ ಮೇಲೆಯೇ ಸಗಣಿ ಹಾಕಿದವು. ಅಧ್ಯಕ್ಷರು ಮ್ಯಾನೇಜರರ ಮುಖ ನೋಡಿದರು. ಯಾರೋ ಮುದುಕರು, "ಪೆನ್ನಿಲೆ ಬರೀರ್ಯೋ, ಎತ್ತು ನಿಂತಾವು" ಎಂದು ಕೂಗಿದರು.

ಮ್ಯಾನೇಜರರು ಎಲ್ಲರೆದುರೇ ಹುಬ್ಬಳ್ಳಿಗೆ ಫೋನ್ ಹಚ್ಚಿದರು. ಅವನ ದನಿ ನನಗೂ ಕೇಳುತ್ತಿತ್ತು.

"ನಾ ಎಲ್ಲಾ ಸರಿ ಮಾಡಿ ಕೊಟ್ಟು ಬಂದೇನ್ರಿ. ನಿಮ್ಮವ್ರು ಯಾರರೆ ಪವರ್ ಬಂದ್ ಮಾಡಿರಬೇಕು ನೋಡ್ರಿ. ಹಂಗ ಮಾಡಿದ್ರ ಹೋಗೇ ಹೋಗತೈತಿ. ನಾಡದ ಬರತೇನಿ."

ಹಾಗೆ ಮಾಡಿದರೆ ಹೋಗುತ್ತದೆಯಂತೆ! ಹಾಗೆ ಹೋಗದಿರಲಿ ಎಂದೇ ಅಲ್ಲವೇ ಉಳಿಸುವ ಆಜ್ಞೆ ಇರುವುದು? ಆ ಫೋನನ್ನು ಕಸಿದುಕೊಂಡು ನಾಲ್ಕು ಮಾತು ಕೇಳಬೇಕು ಅನ್ನಿಸಿತು. ಅಷ್ಟರಲ್ಲಿ ಮ್ಯಾನೇಜರರು ಫೋನಿಟ್ಟು, ಅಧ್ಯಕ್ಷರಿಗೆ ಕೇಳುವಂತೆ ದನಿ ಏರಿಸಿದರು.

"ಯಾರ್ ಅದನ್ನ ಬಂದ್ ಮಾಡಿದವ್ರು?"

ತಾವೇ ಮಾಡಿಸಿದ್ದು. ಕುಂಕುಮದ ತಾಟು ಅವರ ಕೈಯಲ್ಲೇ ಇತ್ತು. ಅದನ್ನು ನೋಡಿದವರು ಹತ್ತು ಜನ ಅಲ್ಲಿ ನಿಂತಿದ್ದರು. ಒಬ್ಬರೂ ತುಟಿ ಬಿಚ್ಚಲಿಲ್ಲ.

"ನಾನ್ರಿ. ತಪ್ಪಾತ್ರಿ ಸಾಹೇಬ್ರ" ಎಂದರು ಕಾಕಾ.

ನಮ್ಮ ಕಡೆ ತಪ್ಪಾತ್ರಿ ಎಂದರೆ ತಪ್ಪು ಮಾಡಿದೆ ಎಂದು ಅರ್ಥವಲ್ಲ. ದೊಡ್ಡವರು ಸಿಟ್ಟಿಗೆದ್ದಾಗ ಬಂದವರಿಗೆ ನೀರು ಕೊಟ್ಟ ಹಾಗೆ ಅದನ್ನು ಕೊಡುತ್ತಾರೆ. ಕುಡಿದವರು ತಣ್ಣಗಾಗುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅಂದು ಮ್ಯಾನೇಜರರು ಮುಗಿಸಲಿಲ್ಲ.

"ಬರೇ ಬಾಯಿಲೆ ಅಂದ್ರ ಆಗೂದಿಲ್ಲ. ಏನಾಗೈತಿ ಅಂತ ಬರದು ಕೊಡು. ಈಗಿಂದೀಗ" ಎಂದರು.

ನಾನು ಅಲ್ಲಿ ನಿಲ್ಲಲಿಲ್ಲ. ನೋಟ್‌ಬುಕ್ಕು ಹಿಡಿದು ಕಂಪ್ಯೂಟರ್ ಕೋಣೆಗೆ ಓಡಿದೆ. ಪೆಟ್ಟಿಗೆಯ ಜೊತೆಗೆ ಬಂದಿದ್ದ ಚಪ್ಪಟೆ ತಂತಿಯನ್ನು ಕಪಾಟಿನಿಂದ ತೆಗೆದು ಕಂಪ್ಯೂಟರಿಗೆ ಜೋಡಿಸಿದೆ. ಪಾಸ್‌ವರ್ಡ್ ಕೇಳಿದರೆ ಏನು ಗತಿ ಎಂದುಕೊಂಡೆ. ಕೇಳಲಿಲ್ಲ. ಡಬ್ಬಿಯಿಂದ ಆಗಷ್ಟೇ ತೆಗೆದ ಹೊಸ ಪೆಟ್ಟಿಗೆಯ ಹಾಗೆ, ಮೊದಲಿನಿಂದ ಸೆಟ್ ಮಾಡಬೇಕೇ ಎಂದು ಪರದೆಯ ಮೇಲೆ ಪ್ರಶ್ನೆ ಬಂತು. ಅವನು ಪಾಸ್‌ವರ್ಡ್ ಕೂಡ ಉಳಿಸಿರಲಿಲ್ಲ! ನಾನು ಆ ಕೋಣೆಯಲ್ಲಿ ಒಬ್ಬಳೇ ಅವನಿಗೆ ಕೆಟ್ಟ ಬೈಗುಳ ಬೈದೆ. ನಮ್ಮವ್ವ ಕೇಳಿದ್ದರೆ ಬಾಯಿಗೆ ಹೊಡೆಯುತ್ತಿದ್ದಳು.

ಗೋಡೆಯೂ ಹೋಗಿತ್ತು, ಬಾಗಿಲೂ ಹೋಗಿತ್ತು; ಹೊಸ ವಿಳಾಸದ ಕಂಪ್ಯೂಟರುಗಳು ಇಲ್ಲದ ಬಾಗಿಲನ್ನೇ ಹುಡುಕುತ್ತಿದ್ದವು. ಮೂರು ಪಾಲುಗಳನ್ನು ಮತ್ತೆ ಮಾಡಿದೆ. ಯಾವ ತಂತಿ ಯಾವ ಪಾಲಿಗೆ ಎಂದು ಒಂದೊಂದೇ ತೂತಿಗೆ ಹೇಳುತ್ತ ಹೋದೆ. ಇಪ್ಪತ್ತನಾಲ್ಕು ತೂತು. ಬಾಗಿಲಿನ ವಿಳಾಸಗಳು ನನ್ನ ನೋಟ್‌ಬುಕ್ಕಿನಲ್ಲೇ ಇದ್ದವು, ಹದಿನೇಳು ಕಂಪ್ಯೂಟರಿಗೂ ಅವನ್ನು ಹಾಕಿದ ಬೆರಳು ಇವೇ. ಹನ್ನೆರಡನೆಯ ತೂತೋ ಹದಿಮೂರನೆಯದೋ ನಡೆದಿತ್ತು, ಕಾಕಾ ಒಂದು ಬಿಳಿಹಾಳೆ ಹಿಡಿದು ಬಾಗಿಲಲ್ಲಿ ನಿಂತರು.

"ತಂಗಿ, ನಾಕ ಸಾಲ ಬರದು ಕೊಡ ನೋಡೂಣು. ಸಾಹೇಬ್ರು ಕಾಯಾಕತ್ತಾರ."

ಕಾರ್ಖಾನೆಯ ಅರ್ಧ ಜನರ ಅರ್ಜಿ ನಾನೇ ಬರೆಯುತ್ತಿದ್ದೆ. ರಜೆಯ ಅರ್ಜಿ, ಪಾಳಿ ಬದಲಿಸುವ ಅರ್ಜಿ, ತಡವಾಗಿ ಬಂದದ್ದಕ್ಕೆ ಕ್ಷಮೆಯ ಅರ್ಜಿ. ಅಕ್ಷರ ಚಂದ ಎಂದು ಹೊಗಳಿಸಿಕೊಳ್ಳುವುದು ನನಗೂ ರುಚಿಯಾಗಿತ್ತು. ಕಾಕಾಗೆ ಓದಲು ಬರುತ್ತಿತ್ತು, ಪೇಪರನ್ನು ಅಕ್ಷರ ಕೂಡಿಸಿ ಓದುತ್ತಿದ್ದರು. ಬರೆಯಲು ಮಾತ್ರ ಕೈ ಏಳುತ್ತಿರಲಿಲ್ಲ.

"ಪೂಜಿಗೆ ಬಂದ್ ಮಾಡಿದ್ದು ಅಂತ..." ಎಂದು ಶುರುಮಾಡಿದರು.

"ಗೊತ್ತೈತಿ ಕಾಕಾ, ಗೊತ್ತೈತಿ. ತರ್ರಿ ಇಲ್ಲಿ" ಎಂದೆ. ಕಣ್ಣು ಪರದೆಯ ಮೇಲೆಯೇ ಇತ್ತು. ಅವರು ಇನ್ನೂ ಏನೋ ಹೇಳುತ್ತಿದ್ದರು. ನಾನು ಹಾಳೆಯನ್ನು ಮೊಣಕಾಲ ಮೇಲಿಟ್ಟು, ಯಾವಾಗಲೂ ಬರೆಯುವ ಹಾಗೆ ಒಂದೇ ಉಸಿರಿಗೆ ಬರೆದು ಅವರ ಕೈಗಿತ್ತೆ. ಅವರು ಸಹಿ ಹಾಕಿಕೊಂಡು ಹೋದರು. ನಾನು ಎಲ್ಲಿಗೆ ಬಿಟ್ಟಿದ್ದೆನೋ ಆ ತೂತಿಗೆ ಮರಳಿದೆ.

ಕೊನೆಗೆ ರೌಟಿಂಗ್ ತೆರೆಯುವ ಆಜ್ಞೆ ಹೊಡೆದೆ. ಆಫೀಸಿನ ಕಂಪ್ಯೂಟರಿನಿಂದ ಕಾಟಾದ ಕಂಪ್ಯೂಟರನ್ನು ಕೂಗಿದೆ, ಉತ್ತರ ಬಂತು. ಗೇಟನ್ನು ಕೂಗಿದೆ, ಉತ್ತರ ಬಂತು. ಉಳಿಸುವ ಆಜ್ಞೆಯನ್ನು ಹೊಡೆದೆ. ಸಾಲದೆಂದು ಇನ್ನೊಮ್ಮೆ ಹೊಡೆದೆ. ಹೊರಗೆ ಕಾಟಾದ ಕಡೆಯಿಂದ ಚಪ್ಪಾಳೆ ಕೇಳಿಸಿತು. ಮೊದಲ ಗಾಡಿ ಇಳಿದಿತ್ತು.

ಮ್ಯಾನೇಜರರು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದರು. "ಹೆಂಗ ಆತವಾ ಇದು?" ಎಂದು ಕೇಳಿದರು. ನಾನು ಪೆಟ್ಟಿಗೆಯ ಗುಂಡಿ ಒತ್ತಿ ಆರಿಸಿದೆ.

"ಏಯ್, ಹುಚ್ಚು ಹಿಡಿದೈತೇನು ನಿಂಗ? ಹೊರಗ ಗಾಡಿ ನಿಂತಾವು!" ಎಂದು ಅವರು ಚೀರಿದರು.

"ನಿಂದರ್ಲಿ ಬಿಡ್ರಿ. ನೀವೂ ನಿಂತು ನೋಡ್ರಿ" ಎಂದೆ. ಮತ್ತೆ ಹೊತ್ತಿಸಿದೆ. ಪೆಟ್ಟಿಗೆ ಎಚ್ಚರವಾಗಲು ಐದು ನಿಮಿಷ ಹಿಡಿಯಿತು. ಆ ಐದು ನಿಮಿಷ ಅವರು ಬೈದರು, ಹೊರಗೆ ಟ್ರ್ಯಾಕ್ಟರುಗಳು ಹಾರ್ನು ಹೊಡೆದವು, ನಾನು ಕೈಕಟ್ಟಿ ನಿಂತಿದ್ದೆ. ನನ್ನ ಜನ್ಮದಲ್ಲಿ ಒಬ್ಬ ಅಧಿಕಾರಿಯನ್ನು ಹಾಗೆ ಕಾಯಿಸಿದ್ದು ಅದೇ ಮೊದಲು. ದೀಪಗಳು ಹಸಿರಾದವು. ಕಾಟಾದಲ್ಲಿ ಹೆಸರು ತಾನಾಗಿಯೇ ಬಂತು.

"ನೋಡಿದ್ರೇನ್ರಿ? ಬಂದ್ ಮಾಡಿದ್ರ ಏನೂ ಹೋಗೂದಿಲ್ಲ. ಸೇವ್ ಮಾಡ್ಲಾರದ ಹೋದವ್ರ ತಪ್ಪಿದು. ಕಾಕಾಂದಲ್ಲ."

"ಆತಾತು. ಕೆಲಸ ನಡೀಲಿ" ಎಂದು ಅವರು ಹೊರಟುಹೋದರು. ನಾನು ಗೆದ್ದೆ ಎಂದುಕೊಂಡೆ. ಆ ಸಂಜೆ ರಬಕವಿಯ ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ಕಾಲು ನೋಯಲಿಲ್ಲ.

ಎಂಜಿನಿಯರ್ ಹೇಳಿದಂತೆ ಮೂರನೆಯ ದಿನ ಬಂದ. ಪೆಟ್ಟಿಗೆಯನ್ನು ಹೊರಗಿನಿಂದಲೇ ನೋಡಿದ, ಊಟ ಮಾಡಿದ. ಸಿಬ್ಬಂದಿ ಯಂತ್ರ ಆರಿಸಿದ್ದರಿಂದ ಸೆಟ್ಟಿಂಗ್ ಹೋಗಿತ್ತು, ಈಗ ಸರಿಪಡಿಸಲಾಗಿದೆ ಎಂದು ಒಂದು ವರದಿ ಬರೆದುಕೊಟ್ಟು ಹೋದ. ಸರಿಪಡಿಸಿದವರು ಯಾರು ಎಂದು ಅದರಲ್ಲಿ ಇರಲಿಲ್ಲ. ಇರಲಿಲ್ಲ ಎಂಬ ಕಿಚ್ಚು ಈಗಲೂ ಇದೆ, ಯಾಕೆ ಸುಳ್ಳು ಹೇಳಲಿ. ಆದರೆ ಅದು ಸಣ್ಣ ಕಿಚ್ಚು.

ದೀಪಾವಳಿಗೆ ನಾಲ್ಕು ದಿನ ಇರುವಾಗ ಕಾಯಂ ಪಟ್ಟಿಯನ್ನು ಟೈಮ್ ಆಫೀಸಿನ ಫಲಕಕ್ಕೆ ಹಚ್ಚಿದರು. ಮೇಲಿನಿಂದ ಕೆಳಗೆ ಓದಿದೆ, ಕೆಳಗಿನಿಂದ ಮೇಲೆ ಓದಿದೆ. ಕಾಕಾನ ಹೆಸರು ಇರಲಿಲ್ಲ. ನಾಲ್ಕೇ ಸೀಜನ್ ಮಾಡಿದವರ ಹೆಸರೂ ಇತ್ತು, ಹತ್ತೊಂಬತ್ತು ಮಾಡಿದವರದು ಇರಲಿಲ್ಲ.

ನಾನು ಕದ ತಟ್ಟದೆ ಮ್ಯಾನೇಜರರ ಕೋಣೆಗೆ ನುಗ್ಗಿದೆ.

"ಕಾಕಾನ ಹೆಸರು ಯಾಕ ಇಲ್ರಿ? ಅವ್ರದು ತಪ್ಪಿಲ್ಲ ಅಂತ ನಿಮ್ಮ ಕಣ್ಮುಂದ ತೋರಿಸೇನಿ. ಅವ್ರಿಗೆ ಬಂದ್ ಮಾಡು ಅಂದವ್ರು ನೀವ. ನಾ ಅಲ್ಲೇ ಇದ್ನಿ" ಎಂದೆ.

ಮ್ಯಾನೇಜರರು ನನ್ನನ್ನು ಹೊರಗೆ ಹಾಕಲಿಲ್ಲ. ಕಪಾಟಿನಿಂದ ಒಂದು ಫೈಲು ತೆಗೆದು, ಹಾಳೆಯೊಂದನ್ನು ನನ್ನ ಕಡೆ ತಿರುಗಿಸಿ ಇಟ್ಟರು.

"ಓದು" ಎಂದರು.

ನನ್ನ ಅಕ್ಷರ. ಮೊಣಕಾಲ ಮೇಲಿಟ್ಟು ಬರೆದದ್ದರಿಂದ ಸಾಲುಗಳು ಸ್ವಲ್ಪ ಓರೆಯಾಗಿದ್ದವು. 'ನನ್ನ ಅಜಾಗರೂಕತೆಯಿಂದ ಯಂತ್ರ ಬಂದ್ ಆಗಿ ಕಾರ್ಖಾನೆಯ ಕೆಲಸಕ್ಕೆ ಅಡಚಣೆಯಾಗಿದೆ. ಇದು ಸಂಪೂರ್ಣ ನನ್ನ ತಪ್ಪು. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ. ಈ ಸಲ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕೆಂದು ವಿನಂತಿ.' ಕೆಳಗೆ ಕಾಕಾನ ಸಹಿ.

"ಮೇಲಿನವ್ರು ಫೈಲ್ ನೋಡತಾರ. ಅಂವ ತಾನ ಒಪ್ಕೊಂಡಾನ. ಬರದಾಕಿ ನೀನ. ಈಗ ನಾ ಏನಂತ ಹೇಳ್ಲಿ, ನೀನ ಹೇಳು."

ಈ ಹಾಳೆ ಕೊಡಿ, ನಾನು ಬೇರೆ ಬರೆದುಕೊಡುತ್ತೇನೆ ಎಂದೆ. ಫೈಲಿಗೆ ಹೋದ ಕಾಗದ ಹೊರಬರುವುದಿಲ್ಲ ಎಂದರು. ಕುಂಕುಮ ಹಚ್ಚಿದ ಕೈಯಿಂದಲೇ ಫೈಲನ್ನು ಕಟ್ಟಿ ಒಳಗಿಟ್ಟರು. ಆ ಮನುಷ್ಯನ ಮೇಜಿನ ಗಾಜನ್ನು ಒಡೆಯಬೇಕು ಅನ್ನಿಸಿತು. ಒಡೆಯಲಿಲ್ಲ. ಹೊರಗೆ ಬಂದೆ.

ಈಗ ಸಿಟ್ಟು ಕಾಕಾನ ಮೇಲೆ ತಿರುಗಿತು. ನಾನು ಅವಸರದಲ್ಲಿ ಏನೋ ಗೀಚಿದೆ, ಒಪ್ಪಿದೆ. ಇವರಿಗೆ ಕಣ್ಣಿರಲಿಲ್ಲವೇ? ಜೀವನವಿಡೀ ತಪ್ಪಾತ್ರಿ ತಪ್ಪಾತ್ರಿ ಎನ್ನುತ್ತ ಬಂದದ್ದಕ್ಕೇ ಅಲ್ಲವೇ ಎಲ್ಲರೂ ಇವರ ತಲೆಯ ಮೇಲೆ ಕಾಲಿಡುವುದು? ಮಾಡದ ತಪ್ಪಿಗೆ ಸಹಿ ಹಾಕುವವರನ್ನು ಯಾರು ತಾನೇ ಉಳಿಸಬಲ್ಲರು? ಹೀಗೆಲ್ಲ ಒಳಗೊಳಗೇ ಅವರನ್ನು ಬೈಯುತ್ತ ಯಾರ್ಡಿನ ಉದ್ದಕ್ಕೂ ನಡೆದೆ. ಕಾಕಾ ಪಂಪ್‌ಹೌಸಿನ ನೆರಳಿನಲ್ಲಿ ಕುಳಿತು ಒಂದು ಮೋಟರಿನ ವೈರು ಬಿಡಿಸುತ್ತಿದ್ದರು. ಪಟ್ಟಿಯನ್ನು ನನಗಿಂತ ಮೊದಲೇ ಓದಿದ್ದರು ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಕಾಕಾ, ಆ ಕಾಗದಕ್ಕ ಯಾಕ ಸಹಿ ಹಾಕಿದ್ರಿ?" ಎಂದು ನಿಂತಲ್ಲಿಂದಲೇ ಒದರಿದೆ. "ಎಲ್ಲಾ ನನ್ನ ತಪ್ಪು ಅಂತ ಬರದಿದ್ದಕ್ಕ ಸಹಿ ಹಾಕ್ತಾರೇನ್ರಿ ಯಾರರೆ? ನಿಮಗ ಓದಾಕ ಬರತೈತಿ. ಒಮ್ಮಿ ಓದಬಾರದಾಗಿತ್ತೇನು?"

ಕಾಕಾನ ಕೈ ನಿಂತಿತು.

"ಹಂಗ ಬರದಿತ್ತೇನ ಅದರಾಗ?" ಎಂದು ಕೇಳಿದರು.

ನಾನು ಅವರೆದುರು ಕುಕ್ಕರಗಾಲಿನಲ್ಲಿ ಕುಳಿತೆ.

"ಸಾಹೇಬ್ರು ಹೇಳಿದ್ರು, ಪೂಜಿಗೆ ಬಂದ್ ಮಾಡೇನಿ, ಅಂತ ಬರಿಯವಾ ಅಂದಿದ್ನಲ್ಲ ನಾ. ನೀ ಗೊತ್ತೈತಿ ಗೊತ್ತೈತಿ ಅಂದಿ" ಎಂದರು ಕಾಕಾ. "ಮತ್ತ ನೀ ಬರದದ್ದನ್ನ ನಾ ಏನ್ ಓದೂದು ಅಂತ ಸಹಿ ಹಾಕಿದ್ನಿ ತಂಗಿ."

ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಅವರು ಬರೀ ಕೇಳುವವರ ಹಾಗೆ ನನ್ನ ಮುಖ ನೋಡುತ್ತಿದ್ದರು, ನಾನು ಉತ್ತರ ಕೊಡಬೇಕಾಗಿತ್ತು.

"ಹೌದು ಕಾಕಾ, ಅಂದಿದ್ರಿ" ಎಂದೆ.